ಕೆಳಗಿನ ಒಂದು ಗೇಣು ಜಾಗ

ಹದಿನೆಂಟು ವರ್ಷ ಪೀಣ್ಯದ ಕಾರ್ಖಾನೆಗಳಿಗೆ, ಸಂಘಗಳಿಗೆಲ್ಲ ಬೋರ್ಡು ಬರೆದ ನಮ್ಮ ಯಜಮಾನರು ಮುನೀಂದ್ರ ಅವರಿಗೆ ಒಂದು ದಿನ ಜ್ಞಾನೋದಯವಾಯಿತು. ಇನ್ನು ಮೇಲೆ ಬೇರೆಯವರ ಹೆಸರು ಬರೆಯುವುದಿಲ್ಲವಂತೆ, ಸ್ವಂತ ಚಿತ್ರ ಬರೆಯುತ್ತಾರಂತೆ. ಭೇಷ್. ಜ್ಞಾನೋದಯವಾದವರಿಗೆ ಹಸಿವಾಗುವುದಿಲ್ಲ ಎಂದು ಕೇಳಿದ್ದೆ. ನಮ್ಮ ಮಹಾನುಭಾವರಿಗೆ ಮೂರು ಹೊತ್ತೂ ಆಗುತ್ತಿತ್ತು.

ನಾನು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದು ಬರುವಷ್ಟರಲ್ಲಿ ಲಗ್ಗೆರೆಯ ನಮ್ಮ ಒಂದೇ ಕೋಣೆಯಲ್ಲಿ ಸ್ಟವ್ವಿಗೂ ಜಾಗವಿರುತ್ತಿರಲಿಲ್ಲ. ಗೋಡೆಗೆ ಆನಿಸಿದ ಹಲಗೆಯ ಮೇಲೆ, ಪಾಳಿ ಬಿಟ್ಟು ಗೇಟಿನಿಂದ ಹೊರಬರುವ ಹೆಂಗಸರ ಸಾಲು. ಹನ್ನೊಂದು ತಿಂಗಳು ಅದನ್ನೇ ತಿದ್ದಿದರು.

"ಇದ್ರಲ್ಲಿ ನಾನೆಲ್ರೀ?"

"ನೀನಿನ್ನೂ ಒಳಗಿದೀಯ ಕಣೇ ಶಶಿಕಲಾ, ಓವರ್‌ಟೈಮ್ ಮಾಡ್ತಾ."

ಮೈ ಉರಿದುಹೋಯಿತು.

ರಾಜ್ಯೋತ್ಸವಕ್ಕೆ ಕನ್ನಡ ಸಂಘದವರು ಚಿತ್ರವನ್ನು ಸಮುದಾಯ ಭವನದಲ್ಲಿಡಲು ಒಪ್ಪಿದರು. ಮನೆಯಲ್ಲಿ ಬಣ್ಣದ ಡಬ್ಬಗಳು ಮುಚ್ಚಿದ್ದ ಕೆಳಭಾಗ ನನಗೆ ಕಂಡಿದ್ದೇ ಅಲ್ಲಿ. ಒಂದು ಗೇಣು ಬರೀ ಬಿಳಿ.

"ರೀ, ಇದೇನಿದು?"

ಹಣೆ ಚಚ್ಚಿಕೊಂಡರು. ಸಂಘಗಳ ಬೋರ್ಡಿನಲ್ಲಿ ಕೊಡುಗೆ ಕೊಟ್ಟವರ ಹೆಸರಿಗೆಂದು ಕೆಳಗೆ ಜಾಗ ಬಿಡುವುದು ಪದ್ಧತಿ. ಹದಿನೆಂಟು ವರ್ಷ ಪಳಗಿದ ಕೈ, ಸ್ವಂತ ಚಿತ್ರದಲ್ಲೂ ಬಿಟ್ಟುಬಿಟ್ಟಿತ್ತು.

"ಅಲ್ಲಿ ನಿಮ್ ಹೆಸರಾದ್ರೂ ಬರೀರಿ," ಎಂದೆ. ಇಡೀ ಪೀಣ್ಯಕ್ಕೆ ಬೋರ್ಡು ಬರೆದವರ ಹೆಸರು ಎಲ್ಲೂ ಇಲ್ಲ ಎಂಬುದೇ ನನ್ನ ಸಂಕಟ. ಅದೊಂದು ಹೆಸರು ನೋಡಬೇಕೆಂದೇ ನಾನು ಹನ್ನೊಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಅಂದರೆ, ನನ್ನ ಕೈಲಾದಷ್ಟು ಮುಚ್ಚಿಕೊಂಡಿದ್ದೆ.

ಅವರು ಬ್ರಷ್ ತೆಗೆಯುವಷ್ಟರಲ್ಲಿ ನಟ್ಟು ಬೋಲ್ಟು ಕಾರ್ಖಾನೆಯ ಮಾಲೀಕ ಗೋಪಾಲಪ್ಪ ಬಂದರು. ಚಿತ್ರದ ಮೇಲೆ ಸುಮ್ಮನೆ ಕಣ್ಣು ಹಾಯಿಸಿದರು. ಖಾಲಿ ಜಾಗವನ್ನು ಮಾತ್ರ ಕನ್ನಡಕ ಹಾಕಿಕೊಂಡು ನೋಡಿದರು.

"ನಮ್ಗೇ ಅಂತ ಜಾಗ ಬಿಟ್ಟಿದೀಯಲ್ಲ ಮುನೀಂದ್ರ, ಸಕ್ಕತ್. ಕಂಪನಿ ಹೆಸರು ಹಾಕು, ರಿಸೆಪ್ಷನ್‌ನಲ್ಲಿ ತಗಲಾಕ್ತೀನಿ. ಫೋನ್ ನಂಬರೂ ಬರ್ಲಿ."

ನಮ್ಮವರು ಬ್ರಷ್ ಅದ್ದಿದರು. ಮೊದಲು "ಕೊಡುಗೆ" ಎಂದು ಬರೆದರು. ಆಯಿತು, ಮತ್ತೆ ಬೋರ್ಡೇ ಗತಿ ಎಂದುಕೊಂಡೆ. ಆಮೇಲೆ ನಿಧಾನವಾಗಿ, ಕಾರ್ಖಾನೆಯ ಗೇಟಿಗೆ ಬರೆಯುವಷ್ಟು ದಪ್ಪ ಅಕ್ಷರದಲ್ಲಿ ಬರೆದರು: ಶಶಿಕಲಾ, ಟೈಲರ್, ಲಗ್ಗೆರೆ.

ಗೋಪಾಲಪ್ಪ ಒಮ್ಮೆ ಕೆಮ್ಮಿ, ಕಾಫಿ ಕೊಡುತ್ತಿದ್ದ ಕಡೆಗೆ ಹೋದರು.

"ನಿಮ್ ಹೆಸರೆಲ್ರೀ?" ಎಂದು ಬೈದೆ.

"ಜಾಗ ಮುಗೀತು ಕಣೇ," ಎಂದು ಬ್ರಷ್ ಒರೆಸಿಕೊಂಡರು.