ಎರಡೂ ಇಳಿಯುವ ದಿನ

ಶಾಲೆಯ ಅಂಗಿಗಳ ಜೇಬಿನ ಮೇಲೆ ಲಾಂಛನ ಕಸೂತಿ ಮಾಡುವುದು ಅವಳ ಕಸುಬು. ಹಳೆಯ ಯಂತ್ರಕ್ಕೆ ಒಂದೇ ಸೂಜಿ. ನೀಲಿ ಮುಗಿಸಿ ಕೆಂಪು ಹಿಡಿಯಬೇಕಾದರೆ ನಿಲ್ಲಿಸಿ ದಾರ ಬದಲಿಸಬೇಕು. ದೊಡ್ಡ ಶಾಲೆಯೊಂದರ ಉಗ್ರಾಣದವರು, ಆರು ಸೂಜಿಯ ಯಂತ್ರ ತಂದರೆ ಮುಂದಿನ ವರ್ಷದ ಕೆಲಸವೆಲ್ಲ ನಿಮಗೇ ಎಂದಿದ್ದರು. ಆ ಯಂತ್ರ ಬರುವುದು ಹೊರದೇಶದಿಂದ, ಬೆಲೆ ಡಾಲರಿನಲ್ಲಿ.

“ಸಾಲದ ಬಡ್ಡಿ ಈಗ ಆಕಾಶದಲ್ಲಿದೆ. ಇಳೀಲಿ, ಆಮೇಲೆ ನೋಡೋಣ. ತಾಳಿದವನು ಬಾಳಿಯಾನು,” ಎಂದ ಗಂಡ. ಅವನ ತಂಗಿ ಅವನಿಗಿಟ್ಟ ಹೆಸರೇ ಆಮೇಲಪ್ಪ. ಇವಳು ಮಾತ್ರ ಮದುವೆಯಾದಾಗಿನಿಂದ ಆ ‘ಆಮೇಲೆ’ಯನ್ನು ಬುದ್ಧಿವಂತಿಕೆ ಎಂದೇ ನಂಬಿದ್ದಳು. ನಂಬಿದರೆ ಎದುರಾಡುವ ಕಷ್ಟ ಇರಲಿಲ್ಲ.

ಬೇಸಿಗೆ ಕಳೆದ ಮೇಲೆ ಬಡ್ಡಿ ಇಳಿಯಿತು. ಗಂಡ ಯುದ್ಧ ಗೆದ್ದವನಂತೆ ಮನೆಗೆ ಬಂದ. ಅವಳು ಯಂತ್ರದ ಅಂಗಡಿಗೆ ಫೋನ್ ಮಾಡಿದಳು. ಡಾಲರಿನ ಲೆಕ್ಕದಲ್ಲಿ ಬೆಲೆ ಮೊದಲಿನಷ್ಟೇ. ನಮ್ಮ ಹಣದಲ್ಲಿ ಏರಿಬಿಟ್ಟಿತ್ತು. ಬಡ್ಡಿಯಲ್ಲಿ ಉಳಿಯುವುದನ್ನು ಬೆಲೆ ನುಂಗಿ ನೀರು ಕುಡಿದಿತ್ತು.

ಸಂಜೆ ಬಂದ ನಾದಿನಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಚಪ್ಪಲಿ ಬಿಡುತ್ತಲೇ ನಕ್ಕಳು.

“ಸಾಮಾನಿನ ಬೆಲೆ ಏರ್ತಿತ್ತಲ್ಲ ಅತ್ತಿಗೆ, ಅದಕ್ಕೆ ಮೂಗುದಾರ ಹಾಕೋಕೆ ಬಡ್ಡಿ ಏರಿಸಿದ್ರು. ಬೆಲೆ ತಣ್ಣಗಾಯ್ತು, ಇಳಿಸಿದ್ರು. ಬಡ್ಡಿ ಇಳಿದ್ರೆ ಹೊರಗಿನವರು ಇಲ್ಲಿಟ್ಟ ದುಡ್ಡು ಎತ್ಕೊಂಡು ಹೆಚ್ಚು ಸಿಗೋ ಕಡೆ ಹೋಗ್ತಾರೆ. ಹೋಗೋವಾಗ ಡಾಲರ್ ಕೊಂಡೇ ಹೋಗ್ಬೇಕು. ಎಲ್ಲರೂ ಕೊಂಡ್ರೆ ತುಟ್ಟಿಯಾಗದೆ ಇರುತ್ತಾ?”

“ಹಾಗಾದ್ರೆ ಡಾಲರ್ ಇಳಿಯೋವರೆಗೆ ಕಾಯೋಣ,” ಎಂದ ಗಂಡ.

“ಅದು ಇಳಿಯೋ ಹೊತ್ತಿಗೆ ಬಡ್ಡಿ ಮತ್ತೆ ಏರಿರಬಹುದು ಕಣೋ.”

ಅವಳು ತಟ್ಟೆ ಒರೆಸುತ್ತಿದ್ದ ಕೈ ನಿಲ್ಲಿಸಿದಳು. ಎರಡೂ ಒಟ್ಟಿಗೆ ಇಳಿಯುವ ದಿನವೊಂದು ಎಲ್ಲೋ ಇದೆಯೆಂದು ಅವಳು ಇಷ್ಟು ದಿನ ಕಾದಿದ್ದಳು. ಉಗ್ರಾಣದವರು ಕಾಯುವವರಲ್ಲ; ಈ ವಾರ ಉತ್ತರ ಸಿಗದಿದ್ದರೆ ಬೇರೆಯವರನ್ನು ನೋಡುವುದಾಗಿ ಹೇಳಿದ್ದರು.

ಮರುದಿನ ಅವಳೇ ಅಂಗಡಿಗೆ ಹೋಗಿ ಕೈಗೆಟುಕುವ ನಾಲ್ಕು ಸೂಜಿಯ ಯಂತ್ರಕ್ಕೆ ಮುಂಗಡ ಕೊಟ್ಟು ಬಂದಳು.

“ಆರು ಸೂಜಿದು ಅಂದಿದ್ರಲ್ಲ?” ಎಂದ ಗಂಡ.

“ಎರಡು ಸೂಜಿ ಕಾದಿದ್ದಕ್ಕೆ ಹೋಯ್ತು. ಇನ್ನೂ ಕಾದ್ರೆ ಮಿಕ್ಕಿದ್ದೂ ಹೋಗುತ್ತೆ.”

ಅವಳು ಉಗ್ರಾಣಕ್ಕೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ನಾಲ್ಕು ಸೂಜಿಗಾದರೆ ಅರ್ಧ ಕೆಲಸ ಎಂದರು ಅವರು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಂಡನತ್ತ ನೋಡದೆ, ಆಗಲಿ ಎಂದಳು.