ಪತ್ರೆ ಹೊತ್ತವಳನ್ನು ಹೊತ್ತ ಹಲಗೆ

ನಾನು ಒಂದು ಹಲಗೆ. ಉದ್ದ ಎರಡು ಮೊಳ, ಅಗಲ ಒಂದು ಗೇಣು. ಕೆಳಗೆ ನಾಲ್ಕು ಗಾಲಿ, ಹೊಟ್ಟೆಯಲ್ಲಿ ಬ್ಯಾಟರಿ, ಹಿಂದಿನ ಗಾಲಿಗಳಲ್ಲಿ ಮೋಟಾರು. ಪೇಟೆಯವರು ನನ್ನನ್ನು ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ಎನ್ನುತ್ತಾರೆ. ನವಲಗೊಪ್ಪದವರು ‘ಸಂಗವ್ವನ ಹಲಗಿ’ ಎನ್ನುತ್ತಾರೆ. ಮೊದಲನೆಯ ಹೆಸರು ಪೆಟ್ಟಿಗೆಯ ಮೇಲೆ ಅಚ್ಚಾಗಿ ಬಂದದ್ದು. ಎರಡನೆಯದು ನಾನು ದುಡಿದು ಗಳಿಸಿದ್ದು. ಹಾಗಾಗಿ ಎರಡನೆಯದೇ ನನಗೆ ಇಷ್ಟ.

ಹುಟ್ಟಿದ್ದು ಚೀನಾ ದೇಶದ ಒಂದು ಕಾರ್ಖಾನೆಯಲ್ಲಿ. ಅದಕ್ಕೂ ಮೊದಲು ನಾನು ಬಿದಿರಾಗಿದ್ದೆ. ಯಾವುದೋ ಬೆಟ್ಟದ ಮಗ್ಗುಲಲ್ಲಿ, ಗಾಳಿ ಬೀಸಿದಾಗ ಅಣ್ಣತಮ್ಮಂದಿರ ಮೈಗೆ ಮೈ ತಿಕ್ಕಿ ಕಿರ್ರೆನ್ನುತ್ತ ನಿಂತಿದ್ದು ಕನಸಿನಂತೆ ನೆನಪಿದೆ. ಆಮೇಲೆ ಸೀಳಿದರು, ಒಣಗಿಸಿದರು, ಏಳು ಪದರ ಅಂಟಿಸಿ ಒತ್ತಿದರು. ನೋವಾಯಿತು. ಆದರೆ ಒತ್ತಿಸಿಕೊಳ್ಳದೆ ಯಾರು ಗಟ್ಟಿಯಾದಾರು? ಬೆನ್ನಿಗೆ ಮರಳುಕಾಗದ ಅಂಟಿಸಿದರು, ನಿಂತವರ ಕಾಲು ಜಾರಬಾರದೆಂದು. ನನ್ನ ಹಣೆಬರಹ ಅಲ್ಲೇ ತಿಳಿಯಿತು. ನಾನು ಮೆಟ್ಟಿಸಿಕೊಳ್ಳಲು ಹುಟ್ಟಿದವನು.

ಹಡಗು, ಲಾರಿ, ಕೊರಿಯರ್ ಎಲ್ಲ ದಾಟಿ ಧಾರವಾಡಕ್ಕೆ ಬಂದೆ. ನನ್ನನ್ನು ತರಿಸಿಕೊಂಡವರು ನಿವೇದಿತಾ ಅಂಗಡಿ ಎಂಬುವರು. ಎಲುಬು ಮುರಿದವರಿಗೆ ವ್ಯಾಯಾಮ ಹೇಳಿಕೊಟ್ಟು ಮತ್ತೆ ನಡೆಯಲು ಕಲಿಸುವ ಡಾಕ್ಟರು. ತಾವು ಮಾತ್ರ ನಡೆಯಲೊಲ್ಲರು, ಹಾರಬೇಕು. ಕೈಯಲ್ಲಿ ಹಿಡಿಯಷ್ಟು ದಪ್ಪದ ಒಂದು ರಿಮೋಟು. ಅದರ ಗಾಲಿಯನ್ನು ಹೆಬ್ಬೆರಳಿಂದ ಮುಂದಕ್ಕೆ ದೂಡಿದರೆ ನಾನು ಓಡಬೇಕು, ಹಿಂದಕ್ಕೆ ಎಳೆದರೆ ನಿಲ್ಲಬೇಕು. ಮೊದಲ ವಾರ ಮೂರು ಸಲ ಬಿದ್ದರು. ನಾಲ್ಕನೆಯ ಸಲ ಅವರ ತಾಯಿ ಹೊರಗೆ ಬಂದರು.

“ಹೆಣ್ಣಹುಡುಗಿ ನಡುಬೀದ್ಯಾಗ ಹಲಗಿ ಮ್ಯಾಲ ನಿಂತು ಹೊಂಟ್ರ ನೋಡಾವ್ರು ಏನ್ ಅಂದಾರು?”

“ಕುಂತು ಹೊಂಟ್ರ ಏನೂ ಅನ್ನಂಗಿಲ್ಲನು ಅವ್ವಾ?”

“ಕುಂತರೂ ಅಂತಾರ, ನಿಂತರೂ ಅಂತಾರ. ಒಳಗ ಬಾ, ಚಾ ಆರೂದು.”

ಆ ಮನೆಯಲ್ಲಿ ನನಗೆ ಪ್ರೀತಿಗೆ ಕೊರತೆಯಿರಲಿಲ್ಲ. ರಸ್ತೆಗೆ ಇತ್ತು. ನನ್ನ ಗಾಲಿ ಪೇರಲ ಹಣ್ಣಿನಷ್ಟು. ಸಣ್ಣ ಹರಳು ಸಿಕ್ಕರೂ ನಿಂತುಬಿಡುತ್ತೇನೆ, ಮೇಲಿದ್ದವರು ಮಾತ್ರ ಮುಂದೆ ಹೋಗುತ್ತಾರೆ. ಆ ಓಣಿಯಲ್ಲಿ ಹತ್ತು ಹೆಜ್ಜೆಗೊಂದು ಉಬ್ಬು, ಉಬ್ಬಿಗೊಂದು ನಾಯಿ. ನಿವೇದಿತಾ ನನ್ನನ್ನು ಕಂಕುಳಲ್ಲಿ ಹೊತ್ತು ನಡೆದದ್ದೇ ಹೆಚ್ಚು. ಕೊನೆಗೆ ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ, ಪ್ಲಗ್ಗಿನ ಕೆಳಗೆ ಗೋಡೆಗೆ ಒರಗಿ ನಿಂತುಕೊಂಡೆ.

ಅಲ್ಲಿಯೇ ಸಂಗವ್ವನನ್ನು ಕಂಡದ್ದು. ಐವತ್ತು ದಾಟಿದ ಹೆಂಗಸು. ಇಳಕಲ್ ಸೀರೆ, ಹಣೆ ತುಂಬ ವಿಭೂತಿ. ಬಲಗಾಲಿನ ಹರಡು ಮುರಿದು ಒಳಗೆ ಕಂಬಿ ಹಾಕಿಸಿಕೊಂಡಿದ್ದರು. ಕಾಲು ಎತ್ತಿ ಇಳಿಸುವಾಗ ಕಣ್ಣಲ್ಲಿ ನೀರು ತಂದುಕೊಂಡರು.

“ಭಾಳ ನೋವೈತೇನ್ರಿ?” ಎಂದರು ನಿವೇದಿತಾ.

“ಇಲ್ಲವ್ವಾ ಡಾಕ್ಟರವ್ವಾ. ನಂದು ಕಾಲಿನ ಚಿಂತಿ ಅಲ್ಲ, ಪತ್ರಿ ಚಿಂತಿ.”

ಕತೆ ಹೀಗಿತ್ತು. ನವಲಗೊಪ್ಪದ ಮಠದಲ್ಲಿ ಬೆಳಗಿನ ಮೊದಲ ಗಂಟೆ ಬಾರಿಸುವ ಮೊದಲು ಒಂದು ಬುಟ್ಟಿ ಬಿಲ್ವಪತ್ರೆ ಗದ್ದುಗೆಯ ಮುಂದೆ ಇರಬೇಕು. ಬಿಲ್ವದ ಮರ ಇರುವುದು ಒಂದೂವರೆ ಮೈಲಿ ಆಚೆ, ಕಾಲುವೆಯ ತೂಬಿನ ಬಳಿ. ಸಂಗವ್ವನ ತಾಯಿ ಇರುವಷ್ಟು ಕಾಲ ತಂದರು. ಅವರ ನಂತರ ಮೂವತ್ತು ವರ್ಷ ಸಂಗವ್ವ ತಂದರು. ಒಂದು ದಿನವೂ ತಪ್ಪಿರಲಿಲ್ಲ. ಕಾಲು ಮುರಿದಾಗ ನಾದಿನಿ ಕೈಹಿಡಿದಳು. ಈಗ ಆಕೆ ಮಗಳ ಬಾಣಂತನಕ್ಕೆ ಹೊರಟಿದ್ದಳು. ಮಠದ ಕಾರುಬಾರು ನೋಡುವ ವಿರೂಪಾಕ್ಷಗೌಡರು ಖಡಾಖಂಡಿತ ಹೇಳಿದ್ದರು: ಒಂದು ದಿನ ತಪ್ಪಿದರೂ ಸಾಕು, ಅಂದಿನಿಂದ ಪೇಟೆಯ ಪತ್ರೆ ಬಸ್ಸಿನಲ್ಲಿ ಬರುತ್ತದೆ.

“ನಮ್ಮವ್ವನ ನೇಮ ನನ್ನ ಕಾಲಾಗ ಮುರೀತೇನೋ ಅಂತ ಅನಸತೈತಿ,” ಎಂದರು ಸಂಗವ್ವ.

“ಯಾರದರ ಗಾಡಿ ಮ್ಯಾಲ ಹೋಗಿ ಬರ್ರಿ.”

“ಹೆಂಗ ಹೋಗಲಿ? ಕಾಲುವಿ ದಂಡಿಗೆ ಹೊಸಾ ಸಿಮೆಂಟ್ ರಸ್ತಾ ಆಗೇತಿ. ಅದು ಒಡೀಬಾರದಂತ ಎರಡೂ ತುದೀಗೆ ಕಲ್ಲಿನ ಕಂಬ ಹುಗದಾರ. ಮನಷ್ಯಾ ತೂರತಾನ, ಆಡು ತೂರತಾವು. ಯಾವ ಗಾಡೀನೂ ತೂರಂಗಿಲ್ಲ.”

ನಿವೇದಿತಾ ಅವರ ಕೈ ಅಲ್ಲೇ ನಿಂತಿತು. “ಸಿಮೆಂಟ್ ರಸ್ತಾ? ನುಣ್ಣಗ ಐತೇನ್ರಿ?”

“ಗಾಜಿನಂಗ ಐತಿ.”

ಡಾಕ್ಟರು ತಿರುಗಿ ನನ್ನನ್ನು ನೋಡಿದರು. ನನಗೆ ಎದೆ ಇಲ್ಲ, ಇದ್ದಿದ್ದರೆ ಆಗ ಹೊಡೆದುಕೊಳ್ಳುತ್ತಿತ್ತು.

ಆ ಭಾನುವಾರವೇ ನವಲಗೊಪ್ಪಕ್ಕೆ ಹೋದೆವು. ಒಂದು ಮಗ್ಗುಲಿಗೆ ಮಲಪ್ರಭೆಯ ಕಾಲುವೆ, ಇನ್ನೊಂದು ಮಗ್ಗುಲಿಗೆ ಕಡಲೆ ಹೊಲ, ನಡುವೆ ನೂಲು ಹಿಡಿದು ಎಳೆದಂತೆ ರಸ್ತೆ. ಹರಳಿಲ್ಲ, ಉಬ್ಬಿಲ್ಲ. ನಾಯಿ ಒಂದೇ ಇತ್ತು, ಅದೂ ಮುದಿ. ನಾನು ಹುಟ್ಟಿದ್ದು ಯಾತಕ್ಕೆಂದು ಅಂದು ತಿಳಿಯಿತು. ನಿವೇದಿತಾ ಹೋಗಿ ಬಂದರು, ಮತ್ತೆ ಹೋಗಿ ಬಂದರು, ನಕ್ಕು ನಕ್ಕು ದಣಿದರು. ಆಮೇಲೆ ಸಂಗವ್ವನನ್ನು ನನ್ನ ಮೇಲೆ ಕೂರಿಸಿದರು. ಎಡಗಾಲು ಮಡಚಿ, ಮುರಿದ ಕಾಲನ್ನು ಮುಂದೆ ಚಾಚಿ ಕೂತರು.

“ಯವ್ವಾ, ಇದಕ್ಕ ಹಗ್ಗಿಲ್ಲ, ಮೂಗುದಾಣಿಲ್ಲ. ಹೆಂಗ ನಿಲ್ಲಸೂದು?”

“ಮೂಗುದಾಣ ನಿಮ್ಮ ಕೈಯಾಗ ಐತ್ರಿ,” ಎಂದು ನಿವೇದಿತಾ ರಿಮೋಟನ್ನು ಕೊಟ್ಟರು. ವೇಗವನ್ನು ಆಮೆಯ ಗುರುತಿಗೆ ಇಳಿಸಿದರು.

ಸಂಗವ್ವ ಕಣ್ಣು ಮುಚ್ಚಿ ಶಿವಶಿವಾ ಎಂದು ಹೆಬ್ಬೆರಳು ಆಡಿಸಿದರು. ನಾನು ಗಬ್ಬದ ಹಸುವಿನಂತೆ ಮೆಲ್ಲಗೆ ಹೊರಟೆ. ಹತ್ತು ಮಾರು ಹೋದ ಮೇಲೆ ಕಣ್ಣು ತೆರೆದರು. ಇಪ್ಪತ್ತು ಮಾರಿಗೆ ನಕ್ಕರು. ಮರ ಮುಟ್ಟುವ ಹೊತ್ತಿಗೆ, “ಇದಕ್ಕ ಇನ್ನಷ್ಟು ಜೋರು ಓಡಾಕ ಬರಂಗಿಲ್ಲನು?” ಎಂದು ಕೇಳಿದರು.

ನಿವೇದಿತಾ ನನ್ನನ್ನು ಅಲ್ಲಿಯೇ ಬಿಟ್ಟುಹೋದರು. ಹೋಗುವಾಗ ನನ್ನ ಬೆನ್ನನ್ನು ಒಮ್ಮೆ ಸವರಿದರು. ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಹೇಳಿದರು: ತಲೆಗೆ ಹೆಲ್ಮೆಟ್ ಇರಲೇಬೇಕು.

ಇಲ್ಲಿ ತೊಡಕು ಬಂತು. ಪತ್ರೆಯ ಬುಟ್ಟಿ ತಲೆಯ ಮೇಲೆ ಬರಬೇಕು. ದೇವರಿಗೆ ಏರುವ ಪತ್ರೆಯನ್ನು ಕಾಲು ಇಡುವ ಹಲಗೆಯ ಮೇಲೆ ಇಡುವಂತಿಲ್ಲ. ಸಂಗವ್ವ ಒಂದು ರಾತ್ರಿ ಯೋಚಿಸಿದರು. ಮರುದಿನ ತಲೆಗೆ ಹೆಲ್ಮೆಟ್, ಹೆಲ್ಮೆಟಿನ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ. ಒಂದು ಕೈ ಬುಟ್ಟಿಗೆ, ಒಂದು ಕೈ ಮೂಗುದಾಣಕ್ಕೆ. ಊರು ಕಾಲುವೆ ದಂಡೆಗೆ ಬಂದು ನೋಡಿತು.

“ಸಂಗಕ್ಕಾ, ವಿಮಾನ ಎಲ್ಲಿಗೆ ಹೊಂಟೇತಿ?” ಎಂದು ಕೂಗಿದವನು ಟ್ರ್ಯಾಕ್ಟರ್ ಹೊಡೆಯುವ ಮುದಕಪ್ಪ.

“ಕೈಲಾಸಕ್ಕ! ನೀ ಹತ್ತಬ್ಯಾಡ, ಭಾರಾ ಆಗತೈತಿ!”

ಬುಟ್ಟಿಯೂ ಬಿದಿರಿನದು, ನಾನೂ ಬಿದಿರು. ಒಂದೇ ಕುಲ. ಅದು ತಲೆಯ ಮೇಲೆ, ನಾನು ಬುಡದಲ್ಲಿ. ನಡುವೆ ಸಂಗವ್ವ. ಒಮ್ಮೊಮ್ಮೆ ಮೇಲಿನ ಪರಿಮಳ ಗಾಳಿಗೆ ಕೆಳಗಿಳಿದು ಬರುತ್ತಿತ್ತು. ಸುಳ್ಳೇಕೆ ಹೇಳಲಿ, ಒಂದು ಎಲೆಯಾದರೂ ನನ್ನನ್ನು ಮುಟ್ಟಲಿ ಎಂದು ಆಸೆಯಾಗುತ್ತಿತ್ತು. ಸಂಗವ್ವನ ಕೈ ಬಲು ಜಾಗ್ರತೆ. ಒಂದೂ ಉದುರಲಿಲ್ಲ.

ವಿರೂಪಾಕ್ಷಗೌಡರು ಸುಮ್ಮನಿರಲಿಲ್ಲ. ಸ್ವಾಮಿಗಳ ಮುಂದೆಯೇ ಮಾತು ತೆಗೆದರು. “ನೇಮ ಅಂದ್ರ ನಡಕೊಂಡು ಬರೂದು, ಅಪ್ಪಾರ. ಇದೇನು ಆಟದ ಸಾಮಾನಿನ ಮ್ಯಾಲ ಕುಂತು ಬರೂದು?”

ಸ್ವಾಮಿಗಳು ಮಠದ ಮೆಟ್ಟಿಲ ಬಳಿ ನಿಂತಿದ್ದ ನನ್ನನ್ನು ನೋಡಿದರು. “ಗೌಡ್ರ, ಶಿವ ಎದರ ಮ್ಯಾಲ ಅಡ್ಡಾಡ್ತಾನು?”

“ನಂದಿ ಮ್ಯಾಲ್ರಿ.”

“ಅವನೇ ನಡಿಯಂಗಿಲ್ಲ. ಆಕಿ ಕಾಲು ಮುರದಾಕಿ ಯಾಕ ನಡೀಬೇಕು?”

ಗೌಡರು ತಲೆ ತಗ್ಗಿಸಿದರು. ಆದರೆ ತಮ್ಮ ಪಟ್ಟು ಬಿಡಲಿಲ್ಲ. “ಆತ್ರೆಪಾ. ಗಂಟಿ ಬಾರಿಸೂದರೊಳಗ ಪತ್ರಿ ಬರಬೇಕು. ಅಷ್ಟ ನನ್ನ ಮಾತು.”

ಗಂಟೆಗಿಂತ ಮೊದಲೇ ಬಂದೆವು. ಶ್ರಾವಣ ಬಂತು, ಹೋಯಿತು. ಸೋಮವಾರ ಮರ ಮುಟ್ಟುವಂತಿಲ್ಲವೆಂದು ಭಾನುವಾರವೇ ಎರಡು ಬುಟ್ಟಿ ಕೊಯ್ದು ತಂದೆವು. ಹಾಗೆ ಮಾನವಮಿ ಬಂತು.

ಆ ದಿನ ನಮ್ಮ ಕಡೆ ಖಂಡೇಪೂಜೆ. ದುಡಿಯುವ ಸಾಮಾನಿಗೆಲ್ಲ ಪೂಜೆ ಮಾಡುವ ದಿನ. ಕುಡಗೋಲು, ಕೊಡಲಿ, ತಕ್ಕಡಿ, ಹೊಲಿಗೆ ಯಂತ್ರ, ಟ್ರ್ಯಾಕ್ಟರು, ಎಲ್ಲಕ್ಕೂ ಸ್ನಾನ. ಮುದಕಪ್ಪ ಕಾಲುವೆಗೆ ಪೈಪು ಬಿಟ್ಟು ತನ್ನ ಟ್ರ್ಯಾಕ್ಟರನ್ನು ಮದುಮಗನಂತೆ ತೊಳೆದ. ಪಕ್ಕದಲ್ಲಿ ನನ್ನನ್ನು ಕಂಡ.

“ಅಕ್ಕಾ, ನಿನ್ನ ಹಲಗಿ ನೋಡು, ಮಾರಿ ತೊಳದು ವರ್ಷ ಆಗೇತಿ. ಇದಕ್ಕೂ ಒಂದು ಕೈ ನೀರು ಹಾಕ್ಲ್ಯಾ?”

“ಹಾಕಪಾ, ಪುಣ್ಯಾ ಬರಲಿ.”

ಆತ ನನ್ನನ್ನು ಬೋರಲು ಹಾಕಿ, ಹೊಟ್ಟೆಯ ಮೇಲೆ ಪೈಪು ಬಿಟ್ಟು, ಸೋಪಿನ ಪುಡಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದ. ನಾನು ಬೇಡವೆನ್ನಲಾರೆ. ಬಾಯಿ ಇದ್ದಿದ್ದರೂ ಅನ್ನುತ್ತಿರಲಿಲ್ಲವೇನೋ. ಅಷ್ಟು ಪ್ರೀತಿಯಿಂದ ನನ್ನನ್ನು ಅದುವರೆಗೆ ಯಾರೂ ತಿಕ್ಕಿರಲಿಲ್ಲ. ಆಮೇಲೆ ವಿಭೂತಿ, ಕುಂಕುಮ, ಚೆಂಡು ಹೂವು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಟ್ರ್ಯಾಕ್ಟರು ತನ್ನ ನಿಂಬೆಹಣ್ಣನ್ನು ಪಚಕ್ಕೆಂದು ಹಿಚುಕಿ ಗಂಭೀರವಾಗಿ ನಿಂತಿತು. ನನ್ನದೋ, ಗಾಲಿಗಿಂತ ಹಣ್ಣೇನೂ ಬಹಳ ಸಣ್ಣದಾಗಿರಲಿಲ್ಲ. ನಾನು ಏರಲು ಹೋದೆ, ಅದು ಉರುಳಿತು. ಮತ್ತೆ ಹೋದೆ, ಕಾಲುವೆಗೆ ಬಿತ್ತು. ಊರಿಗೆ ಊರೇ ನಕ್ಕಿತು. ನಗು ಮುಗಿಯುವಷ್ಟರಲ್ಲಿ ನನ್ನ ಹೊಟ್ಟೆಯೊಳಗೆ ಏನೋ ಚರ್ ಎಂದಿತು. ಕೆಂಪು ದೀಪ ಎರಡು ಸಲ ಮಿನುಗಿ ಆರಿತು.

ಮರುದಿನ ದಸರೆ. ನಸುಕಿನಲ್ಲಿ ಸಂಗವ್ವ ಗುಂಡಿ ಒತ್ತಿದರು. ನಾನು ಏಳಲಿಲ್ಲ. ಮತ್ತೆ ಒತ್ತಿದರು. ನನ್ನ ಮೈ ತಡವಿದರು, ಹೂವು ತೆಗೆದು ನೋಡಿದರು. ಆಮೇಲೆ ಕೋಲು ತೆಗೆದುಕೊಂಡು, ನನ್ನನ್ನು ಅಲ್ಲಿಯೇ ಬಿಟ್ಟು, ಕುಂಟುತ್ತ ಹೊರಟರು. ಅಂಗಳ ದಾಟುವುದರೊಳಗೆ ಗೋಡೆ ಹಿಡಿದು ನಿಂತರು. ಪೇಟೆಯ ಪತ್ರೆ ಮಠಕ್ಕೆ ಆಗಲೇ ಬಂದಿತ್ತು: ಹಬ್ಬದ ದಿನ ತಪ್ಪಬಾರದೆಂದು ಗೌಡರು ಪೇಟೆಯಿಂದ ಒಂದು ಗಂಟು ತರಿಸಿಟ್ಟಿದ್ದರು.

ಎದುರು ಮನೆಯ ಮುದಕಪ್ಪ ಹಲ್ಲುಜ್ಜುತ್ತ ಹೊರಬಂದ. ಸಂಗವ್ವನನ್ನು ನೋಡಿದ, ನನ್ನನ್ನು ನೋಡಿದ. ಬಾಯಲ್ಲಿದ್ದ ಬೇವಿನ ಕಡ್ಡಿ ಕೆಳಗೆ ಬಿತ್ತು.

“ನೀರು ಹೊಕ್ಕೇತೇನಕ್ಕಾ? ನನ್ನ ಕೈಯಾರ ಕೊಂದ್ನೆಲ್ಲೋ!”

“ನಾನ ಹಾಕು ಅಂದಾಕಿ, ನಿಂದೇನ್ ತಪ್ಪು? ಹೊತ್ತು ಹೊಂಟೇತಿ, ಮುದಕಪ್ಪಾ.”

ಆತ ಒಳಗೆ ಓಡಿದ. ಎತ್ತು ಮಾರಿದ ಮೇಲೆ ಗೂಟಕ್ಕೆ ನೇತುಹಾಕಿದ್ದ ಹಗ್ಗ ತಂದ. ಒಂದು ತುದಿ ನನ್ನ ಮುಂದಿನ ಗಾಲಿಗಳ ಅಚ್ಚಿಗೆ, ಇನ್ನೊಂದು ತನ್ನ ಸೊಂಟಕ್ಕೆ. “ಮೋಟಾರ್ ಸತ್ರ ಸಾಯಲಿ, ಗಾಲಿ ಸತ್ತಿಲ್ಲ. ಕುಂಡ್ರು ಅಕ್ಕಾ. ಇವತ್ತ ನಾನ ಎತ್ತು.”

ಹೋಗುವಾಗ ಓಡಿದ. ಸಂಗವ್ವ ಬುಟ್ಟಿ ತುಂಬ ಕೊಯ್ಯುವಾಗ ಮಂಡಿಯ ಮೇಲೆ ಕೈಯಿಟ್ಟು ಏದುಸಿರು ಬಿಟ್ಟ. ಬರುವಾಗ ಮತ್ತೆ ಓಡಿದ. ಸತ್ತ ಮೋಟಾರು ಗಾಲಿಯನ್ನು ಹಿಂದಕ್ಕೆ ಹಿಡಿಯುತ್ತಿತ್ತು. ನನ್ನಿಂದ ಆದಷ್ಟು ಹಗುರಾಗಲು ನೋಡಿದೆ. ಹಲಗೆಯೊಂದು ಬೇರೇನು ಮಾಡೀತು?

“ಸಾವಕಾಶ ಓಡೋ, ಎದಿ ಒಡದೀತು!”

“ಎತ್ತಿಗೆ ಮಾತಾಡಸಬಾರದಕ್ಕಾ, ಉಸಿರು ಹೋಗತೈತಿ!”

ಮಠ ಕಾಣಿಸಿತು. ಗಂಟೆಯ ಹಗ್ಗಕ್ಕೆ ಸ್ವಾಮಿಗಳ ಕಿರಿಯ ಶಿಷ್ಯ ಮರಿದೇವರು ಕೈ ಹಾಕಿದ್ದರು. ಪಕ್ಕದಲ್ಲಿ ಗೌಡರು, ಕೈಯಲ್ಲಿ ಪೇಟೆಯ ಗಂಟು. ಮೆಟ್ಟಿಲ ಬುಡಕ್ಕೆ ಬಂದು ನಾವು ನಿಂತೆವು, ಅಂದರೆ ಮುದಕಪ್ಪ ಬಿದ್ದ. ಸಂಗವ್ವ ಬುಟ್ಟಿ ಎತ್ತಿ ಹಿಡಿದರು. ಸ್ವಾಮಿಗಳೇ ಇಳಿದು ಬಂದು ಅದನ್ನು ತಲೆಯ ಮೇಲೆ ಇರಿಸಿಕೊಂಡು ಒಳಗೆ ಹೋದರು. ಆಮೇಲೆ ಗಂಟೆ ಬಾರಿಸಿತು.

ಗೌಡರು ಒಂದು ತಂಬಿಗೆ ನೀರು ತಂದು ಮುದಕಪ್ಪನ ಬಾಯಿಗೆ ಹಿಡಿದರು. “ನಂದಿ ಅಂದ್ರ ನೀನನು?”

“ಸದ್ಯಕ್ಕ ಹೌದ್ರಿ,” ಎಂದ ಆತ, ಕೂತಲ್ಲಿಂದಲೇ.

ಗೌಡರು ಪೇಟೆಯ ಗಂಟನ್ನು ಬಿಚ್ಚಿ ಅದನ್ನೂ ಸಂಗವ್ವನ ಬುಟ್ಟಿಯ ಪತ್ರೆಯ ಜೊತೆ ಗದ್ದುಗೆಗೆ ಏರಿಸಿದರು. ಮತ್ತೆಂದೂ ತರಿಸಲಿಲ್ಲ.

ನಿವೇದಿತಾ ಸುದ್ದಿ ಕೇಳಿ ಬಂದರು. ನಿಂಬೆಹಣ್ಣಿನ ಕತೆ ಕೇಳಿ ಕಣ್ಣೀರು ಬರುವಷ್ಟು ನಕ್ಕರು. ಹೊಟ್ಟೆ ಬಿಚ್ಚಿ, ಒಣಗಿಸಿ, ಸುಟ್ಟ ಭಾಗ ಬದಲಿಸಿ ನನ್ನನ್ನು ಮತ್ತೆ ಎಬ್ಬಿಸಿದರು. ಮುಂದಿನ ಖಂಡೇಪೂಜೆಗಳಲ್ಲಿ ನನಗೆ ಒಣ ಬಟ್ಟೆಯ ಸ್ನಾನ, ಗಾಲಿಗೆ ನಿಂಬೆಯ ಬದಲು ದ್ರಾಕ್ಷಿ.

ಸಂಗವ್ವನ ಎಲುಬು ಕೂಡಿತು, ಅಷ್ಟು ದೂರದ ನಡಿಗೆ ಮಾತ್ರ ಮತ್ತೆ ಬರಲಿಲ್ಲ; ಹಾಗಾಗಿ ಆರು ವರ್ಷ ಓಡಿದೆ. ಮೊದಲ ವರ್ಷದಲ್ಲೇ ಒಂದು ದಿನ ಸ್ವಾಮಿಗಳ ಮಾತಿನಂತೆ ಸಂಗವ್ವ ತೂಬಿನ ಮರದ ಬುಡದಲ್ಲಿ ಚಿಗುರಿದ್ದ ಒಂದು ಗೇಣು ಸಸಿಯನ್ನು ಮಣ್ಣುಸಮೇತ ಎತ್ತಿ, ಬುಟ್ಟಿಯಲ್ಲಿಟ್ಟು ತಂದು ಮಠದ ಅಂಗಳದಲ್ಲಿ ನೆಟ್ಟರು. ಬಿಲ್ವ ನಿಧಾನದ ಮರ. ಅದು ಬೆಳೆಯಿತು, ನನ್ನ ಬ್ಯಾಟರಿ ಇಳಿಯಿತು. ನನಗೆ ತೂಬಿನ ಮರದವರೆಗೆ ಹೋಗಿ ಬರುವ ಶಕ್ತಿ ಮುಗಿದ ವರ್ಷವೇ ಅಂಗಳದ ಮರದಲ್ಲಿ ಬುಟ್ಟಿ ತುಂಬುವಷ್ಟು ಪತ್ರೆ ಬಂತು. ಲೆಕ್ಕ ಇಟ್ಟವರು ಯಾರೋ ನನಗೆ ಗೊತ್ತಿಲ್ಲ. ಅಳತೆ ಮಾತ್ರ ಸರಿಯಾಗಿತ್ತು.

ಈಗ ನನಗೆ ಗಾಲಿಗಳಿಲ್ಲ. ಆ ಮರದ ಕೆಳಗೆ ಎರಡು ಕಲ್ಲಿನ ಮೇಲೆ ನನ್ನನ್ನು ಅಡ್ಡ ಇಟ್ಟಿದ್ದಾರೆ. ಬೆಳಗಿನ ಪತ್ರೆ ಕೊಯ್ದು ಒಳಗೆ ಕೊಟ್ಟ ಮೇಲೆ ಸಂಗವ್ವ ನನ್ನ ಮೇಲೆ ಕೂರುತ್ತಾರೆ. ಮುದಕಪ್ಪ ಬಂದರೆ, “ಎತ್ತಿಗೂ ಜಾಗ ಬಿಡಕ್ಕಾ,” ಎಂದು ಅವರನ್ನು ಸರಿಸಿ ತಾನೂ ಕೂರುತ್ತಾನೆ. ಓಡಿದ್ದು ಸುಖ, ನಿಂತದ್ದೂ ಸುಖ. ನನ್ನ ಮೇಲೆ ಕಾಲು ಇಟ್ಟವರೆಲ್ಲ ಎಲ್ಲಿಗೋ ಮುಟ್ಟಿದರು. ಹಲಗೆಗೆ ಇದಕ್ಕಿಂತ ಹೆಚ್ಚು ಬೇಕೆ?

ಬೇಕಿತ್ತು ಒಂದು. ಅದೂ ಮೊನ್ನೆ ಆಯಿತು. ಸಣ್ಣ ಗಾಳಿ ಬೀಸಿ, ಮೂರು ದಳದ ಒಂದು ಪತ್ರೆ ಸುತ್ತುತ್ತ ಸುತ್ತುತ್ತ ಇಳಿದು ನನ್ನ ಬೆನ್ನಿನ ಮೇಲೆ ಕೂತಿತು. ಸಂಗವ್ವ ಎತ್ತಲು ಕೈ ಚಾಚಿದರು. ಅರ್ಧಕ್ಕೆ ಕೈ ಹಿಂದೆ ತೆಗೆದುಕೊಂಡರು.

“ಇರ್ಲಿ ಬಿಡು,” ಎಂದರು. “ಇದಕ್ಕೂ ಒಂದು ಏರಲಿ.”