ಬ್ರೇಕ್ ಮೇಡಂ ಮಾಡಿದ ಆ್ಯಪ್

ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಗೆ ಬ್ರೇಕ್ ಮೇಡಂ ಎಂದೇ ಹೆಸರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವಳು. ಎದುರಿಗೆ ಲಾರಿ ಬಂದರೂ "ಮರಿ, ಸ್ವಲ್ಪ ಪಕ್ಕಕ್ಕೆ ಹೋಗೋಣ್ವಾ?" ಎನ್ನುವಳು. ಬೈದರೆ ಕಲಿಯುವವರು ಗಾಬರಿಯಾಗಿ ನೇರ ಕಂಬಕ್ಕೇ ಗುದ್ದುತ್ತಾರೆ ಎಂಬುದು ಅವಳ ಅನುಭವ. ಅವಳ ನಿಯಮಗಳು ಎರಡೇ. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಏನೇ ಆದರೂ ಕಲಿಯುವವರ ಸ್ಟಿಯರಿಂಗಿಗೆ ಕೈ ಹಾಕಬಾರದು.

ಇಂಥವಳು ಬುಧವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಗಂಡನ ಹಳೆಯ ಲ್ಯಾಪ್‌ಟಾಪ್ ತೆರೆದು ಕೂತು ಮೊಬೈಲ್ ಆ್ಯಪ್ ಮಾಡಲು ಹೊರಟಳು. ಕಂಪ್ಯೂಟರಿನಲ್ಲಿ ಅವಳಿಗೆ ಗೊತ್ತಿದ್ದದ್ದು ಲೈಸೆನ್ಸಿನ ಅರ್ಜಿ ತುಂಬುವುದೊಂದೇ.

ಕಾರಣ, ನಡುಮನೆಯ ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿದ್ದ ಅತ್ತೆ. ಪಾರ್ಶ್ವವಾಯು ಹೊಡೆದು ಅವರ ಬಲಗೈ ಹೋಗಿತ್ತು, ಜೊತೆಗೆ ಮಾತೂ ಹೋಗಿತ್ತು. ಬುದ್ಧಿಗೆ ಏನೂ ಆಗಿಲ್ಲ, ಎಲ್ಲಾ ಅರ್ಥವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಹೂಂ ಎನ್ನಬೇಕಾದರೂ ಊಹೂಂ ಎನ್ನಬೇಕಾದರೂ ಅವರ ತಲೆ ಒಂದೇ ತರಹ ಅಲ್ಲಾಡುತ್ತಿತ್ತು. ಹಿಂದಿನ ದಿನ ಭಾವ, ಅಂದರೆ ಗಂಡನ ಅಣ್ಣ, ಫೋನ್ ಮಾಡಿದ್ದರು. ತಮ್ಮ ಮನೆಯ ಹತ್ತಿರ ಒಳ್ಳೆಯ ಆರೈಕೆ ಕೇಂದ್ರವಿದೆ, ಹಗಲೂ ರಾತ್ರಿ ನರ್ಸುಗಳಿರುತ್ತಾರೆ, ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದರು.

"ಅತ್ತೆಗೆ ಇಷ್ಟ ಇದೆಯೋ ಇಲ್ವೋ ಭಾವ?"

"ಅದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲಮ್ಮ. ಅಮ್ಮ ತಾನೇ ಹೇಳಿದ್ರೆ ನಾನ್ಯಾಕೆ ಬಲವಂತ ಮಾಡ್ಲಿ?"

ಭಾವ ಕೆಟ್ಟವರಲ್ಲ. ಅವರು ಹೇಳಿದ್ದೂ ನಿಜವೇ. ಆದರೆ ಆ ಮಾತು ಅವಳ ತಲೆಯಲ್ಲಿ ಹುಳ ಬಿಟ್ಟಿತು. ಅತ್ತೆ ತಾವೇ ಹೇಳಬೇಕು, ಅದೂ ಭಾನುವಾರದೊಳಗೆ! ಮಾತಾಡಿದರೆ ಸಾಕು, ಆ್ಯಪಿನ ಕೋಡು ಬರೆದುಕೊಡುವ ಎಐ ಬಂದಿದೆ ಎಂದು ಅವಳ ಹತ್ತಿರ ಕಾರು ಕಲಿಯುತ್ತಿದ್ದ ಒಬ್ಬಳು ಹೇಳಿದ್ದು ನೆನಪಿತ್ತು. ಕೈ ಹಾಕಿ ನೋಡಿದರೆ ಹೋಗುವುದೇನು? ತೆರೆದೇಬಿಟ್ಟಳು.

"ನೋಡು ಮರಿ," ಎಂದು ಮೈಕಿಗೆ ಹೇಳಿದಳು, "ಒಂದು ಪರದೆ. ಅದರಲ್ಲಿ ನೀರಿನ ಲೋಟದ ಚಿತ್ರ. ಒತ್ತಿದ್ರೆ ಅದು ಮಾತಾಡಬೇಕು. ಸದ್ಯಕ್ಕೆ ಇಷ್ಟೇ."

ಪರದೆಯ ಮೇಲೆ ಅಕ್ಷರಗಳು ಇರುವೆ ಸಾಲಿನಂತೆ ಹರಿದವು. ಒಂದೂ ಅರ್ಥವಾಗಲಿಲ್ಲ. ಆಮೇಲೆ ಪಕ್ಕದಲ್ಲಿ ಪುಟ್ಟ ಫೋನಿನ ಆಕಾರ ಮೂಡಿತು, ಅದರೊಳಗೊಂದು ನೀಲಿ ಲೋಟ. ಒತ್ತಿದಳು. "ದಯವಿಟ್ಟು ನನಗೆ ನೀರು ಕೊಡಿ" ಎಂದಿತು, ವಾರ್ತೆ ಓದುವವರ ದನಿಯಲ್ಲಿ.

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. "ರೀ! ಬನ್ರೀ ಇಲ್ಲಿ! ಲೋಟ ಮಾತಾಡ್ತಿದೆ!"

ಗಂಡ ಸೋಪಿನ ನೊರೆ ಮೆತ್ತಿದ ಅರ್ಧ ಗಡ್ಡದಲ್ಲೇ ಓಡಿ ಬಂದ. ಇಬ್ಬರೂ ಸರದಿಯಲ್ಲಿ ಒತ್ತಿ ಒತ್ತಿ ಚಿಕ್ಕ ಮಕ್ಕಳ ಹಾಗೆ ನಕ್ಕರು.

ಮಾರನೆಯ ದಿನ ಪರದೆಗೆ ಊಟದ ತಟ್ಟೆ ಬಂತು, ಫ್ಯಾನು ಬಂತು, ಟಿವಿ ಬಂತು. ಆದರೆ ಎಐ ಎಂಬ ಈ ಶಿಷ್ಯನಿಗೆ ಉತ್ಸಾಹ ಜಾಸ್ತಿ. ಗಣಪತಿ ಮಾಡು ಎಂದರೆ ಅವರಪ್ಪನನ್ನು ಮಾಡುವ ಜಾತಿ. ಯಾರೂ ಕೇಳದೆಯೇ ಮೊದಲ ಪರದೆಯಲ್ಲಿ ಹೆಸರು, ಇಮೇಲ್, ಪಾಸ್‌ವರ್ಡ್ ಕೇಳುವ ಬಾಗಿಲೊಂದನ್ನು ತಂದು ನಿಲ್ಲಿಸಿತು. ಅವಳ ಕಾಲು ಮೇಜಿನಡಿಯ ನೆಲವನ್ನು ಗಟ್ಟಿಯಾಗಿ ಒತ್ತಿತು.

"ಬ್ರೇಕ್ ಮರಿ, ಬ್ರೇಕ್! ನಮ್ಮತ್ತೆ ನೀರು ಕುಡಿಯೋಕೆ ಪಾಸ್‌ವರ್ಡ್ ಯಾಕೋ?"

ಅದು ಕ್ಷಮೆ ಕೇಳಿ ತೆಗೆಯಿತು. ಅತ್ತೆಯ ಎಡಗೈ ಬೆರಳು ನಡುಗುತ್ತದೆ, ಒಂದು ಸಲ ಮುಟ್ಟಲು ಹೋದರೆ ಮೂರು ಸಲ ತಾಗುತ್ತದೆ ಎಂದು ಹೇಳಿದಳು. ಒಮ್ಮೆ ತಾಗಿದ ಮೇಲೆ ಹೇಳುತ್ತಿರುವ ಮಾತು ಮುಗಿಯುವ ತನಕ ಬೇರೆ ಸ್ಪರ್ಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ತಿದ್ದಿಕೊಟ್ಟಿತು. ಕೋಡು ಎಂದರೆ ಏನೆಂದೇ ಗೊತ್ತಿಲ್ಲದ ತಾನು ಹೇಳಿದ್ದೆಲ್ಲ ಕಣ್ಣೆದುರು ಆಗುತ್ತಿದೆ! ಅವಳಿಗೆ ಮೊದಲ ಬಾರಿ ಕಾರು ತಾನೇ ಓಡಿಸಿದ ದಿನದಂತೆ ಮೈಯೆಲ್ಲಾ ಪುಳಕ.

ಶುಕ್ರವಾರ ಬೆಳಿಗ್ಗೆ ಆ್ಯಪನ್ನು ದೊಡ್ಡ ಟ್ಯಾಬ್ಲೆಟ್ಟಿಗೆ ಹಾಕಿಸಿ ಅತ್ತೆಯ ಮುಂದೆ ಹಿಡಿದಳು. ಅತ್ತೆ ಲೋಟವನ್ನು ಒತ್ತಿದರು. "ದಯವಿಟ್ಟು ನನಗೆ ನೀರು ಕೊಡಿ." ಅತ್ತೆ, ಮನೆಯೊಳಗೆ ಯಾರೋ ಅಪರಿಚಿತರು ನುಗ್ಗಿದ ಹಾಗೆ ಹುಬ್ಬು ಗಂಟಿಕ್ಕಿದರು. ಟ್ಯಾಬ್ಲೆಟ್ಟನ್ನು ಕವುಚಿ ಹಾಕಿ ಗೋಡೆಯ ಕಡೆ ತಿರುಗಿದರು. ಮಧ್ಯಾಹ್ನ ಮತ್ತೆ ಕೊಟ್ಟಳು. ದಿಂಬಿನ ಕೆಳಗೆ ತಳ್ಳಿದರು.

ಅವಳಿಗೆ ಅಳುವೇ ಬಂತು. "ಚಿತ್ರ ಸರಿಯಿಲ್ವಾ? ಬಣ್ಣ ಸರಿಯಿಲ್ವಾ? ಇನ್ನೊಂದೇ ದಿನ ಇರೋದು ರೀ."

ಗಂಡ ಕೇಳಿದ, "ಅಲ್ಲ ಕಣೇ, ನಮ್ಮಮ್ಮ ಹುಟ್ಟಿದಾಗಿಂದ ಒಂದು ಸಲನಾದ್ರೂ ದಯವಿಟ್ಟು ಅಂದಿದ್ದು ಕೇಳಿದೀಯಾ?"

ಅವಳು ಹಣೆ ಚಚ್ಚಿಕೊಂಡಳು. ಅತ್ತೆಯ ಬಾಯಿಗೆ ಬೀದಿಯೇ ಹೆದರುತ್ತಿತ್ತು. ನಯವಾಗಿ ಮಾತಾಡಿದರೆ ಮೈ ಹುಷಾರಿಲ್ಲವೇನೋ ಎಂದು ಎಲ್ಲರೂ ಗಾಬರಿಯಾಗುತ್ತಿದ್ದರು. ಅಂಥವರಿಗೆ ಅವಳು ತನ್ನ ಡ್ರೈವಿಂಗ್ ಸ್ಕೂಲಿನ ಭಾಷೆ ಕೊಟ್ಟಿದ್ದಳು. ಅತ್ತೆಯ ಬಾಯಲ್ಲಿ ತಾನೇ ಕೂತು ಮಾತಾಡಿದ್ದಳು. ಕಲಿಯುವವರ ಸ್ಟಿಯರಿಂಗಿಗೆ ಕೈ ಹಾಕಬಾರದು ಎಂದು ಊರಿಗೆಲ್ಲ ಉಪದೇಶ ಮಾಡಿಕೊಂಡು!

ಥಟ್ಟನೆ ಅವಳು ಫೋನ್ ಕೈಗೆತ್ತಿಕೊಂಡಳು. ಅತ್ತೆಗೆ ಟೈಪ್ ಮಾಡಲು ಬರುತ್ತಿರಲಿಲ್ಲ. ಹಾಗಾಗಿ ವರ್ಷಗಟ್ಟಲೆ ಅವಳಿಗೆ ದನಿಯಲ್ಲೇ ಮೆಸೇಜು ಕಳಿಸಿದ್ದರು, ಪ್ರತಿಯೊಂದೂ ಬೈಗುಳ. ಅವಳು ಒಂದನ್ನೂ ಅಳಿಸಿರಲಿಲ್ಲ. ಪೂರ್ತಿ ಕೇಳಿಯೂ ಇರಲಿಲ್ಲ, ಮೊದಲ ಬೈಗುಳಕ್ಕೇ "ಸರಿ ಅತ್ತೆ" ಎಂದು ಉತ್ತರ ಹಾಕಿ ಫೋನ್ ಚೀಲಕ್ಕೆ ಸೇರಿಸುತ್ತಿದ್ದಳು.

ಈಗ ಗಂಡ ಹೆಂಡತಿ ಮೇಜಿನ ಹತ್ತಿರ ಕೂತು ಒಂದೊಂದನ್ನೇ ಕೊನೆಯ ತನಕ ಕೇಳಿದರು. "ನೀರು ತುಂಬಿಸಿಡೋಕೂ ನಾನೇ ಹೇಳ್ಬೇಕಾ?" ಇದು ಲೋಟಕ್ಕೆ. "ಉಪ್ಪಿಗೆ ಬರ ಬಂದಿದೆಯೇನೇ ಈ ಮನೇಲಿ?" ತಟ್ಟೆಗೆ. "ಆ ಟಿವಿ ಬಾಯಿ ಮುಚ್ಚಿಸ್ರೋ ಯಾರಾದ್ರೂ!" ಹುಡುಕಬೇಕಾದ ಕಷ್ಟವೇ ಇಲ್ಲ, ಅಂಗಡಿ ಇಡುವಷ್ಟು ಬೈಗುಳ ಸಿಕ್ಕವು. ಒಂದು ಮೆಸೇಜಿನ ಕೊನೆಯ ಮಾತನ್ನು ಅವಳು ಮೂರು ಸಲ ಹಾಕಿ ಕೇಳಿದಳು. ಅದಕ್ಕೆ ಬೇರೆ ಬಟನ್ ಮಾಡಿಸಿ ಅದರ ಮೇಲೆ ತನ್ನದೇ ಫೋಟೊ ಹಾಕಿದಳು.

"ಮರಿ, ನಿನ್ನ ದನಿ ತೆಗಿ. ಇವುಗಳನ್ನ ಹಾಕು," ಎಂದಳು ಎಐಗೆ.

ಭಾನುವಾರಕ್ಕೆ ಬೇಕಾದ ಎರಡು ಮಾತೂ ಸಿಕ್ಕವು. ಯಾವುದೋ ಪ್ರವಾಸಕ್ಕೆ ಕರೆದಾಗ ಕಳಿಸಿದ್ದು, "ನಾನೆಲ್ಲಿಗೂ ಬರಲ್ಲ, ಸುಮ್ನೆ ತಲೆ ತಿನ್ಬೇಡ." ಇನ್ನೊಮ್ಮೆ ಯಾರದೋ ಮನೆಗೆ ಹೊರಟಾಗ, "ಬರ್ತೀನಿ, ಚೀಲ ಕಟ್ಟಿಟ್ಟಿದೀನಿ." ಎರಡಕ್ಕೂ ಬಟನ್ ಬಂತು. ಬರಲ್ಲ ಎಂಬುದನ್ನು ತುಸು ದೊಡ್ಡದು ಮಾಡಿಸಿದರೆ ಯಾರಿಗೆ ತಿಳಿಯುತ್ತದೆ? ಒಂದೇ ಒಂದು ಮಾತು ಹೇಳಿದರೆ ಆಯಿತು. ಅವಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅತ್ತೆ ಹೋಗುವುದು ಅವಳಿಗೆ ಬೇಡವಾಗಿತ್ತು. ಆದರೂ ಆ ಮಾತನ್ನು ನುಂಗಿಕೊಂಡಳು. "ಎರಡೂ ಒಂದೇ ಅಳತೆ, ಒಂದೇ ಬಣ್ಣ," ಎಂದಳು.

ಶನಿವಾರ ಸಂಜೆ ಟ್ಯಾಬ್ಲೆಟ್ಟನ್ನು ಮತ್ತೆ ಅತ್ತೆಯ ಮಡಿಲಲ್ಲಿಟ್ಟಳು. ಅತ್ತೆ ಒಲ್ಲದ ಮನಸ್ಸಿನಿಂದ ಲೋಟವನ್ನು ಮುಟ್ಟಿದರು.

"ನೀರು ತುಂಬಿಸಿಡೋಕೂ ನಾನೇ ಹೇಳ್ಬೇಕಾ?"

ಅತ್ತೆಯ ಬೆರಳು ಗಾಳಿಯಲ್ಲೇ ನಿಂತಿತು. ತಿಂಗಳುಗಳಿಂದ ಕೇಳದ ತಮ್ಮದೇ ದನಿ. ಇನ್ನೊಮ್ಮೆ ಒತ್ತಿದರು. ಮತ್ತೊಮ್ಮೆ. ಕಣ್ಣಲ್ಲಿ ನೀರು, ತುಟಿಯ ಒಂದು ಮೂಲೆಯಲ್ಲಿ ನಗು. ಆಮೇಲೆ ಶುರುವಾಯಿತು ನೋಡಿ! ಉಪ್ಪು, ಟಿವಿ, ಫ್ಯಾನು, ಒಂದನ್ನೂ ಬಿಡಲಿಲ್ಲ. ಆ ಸಂಜೆ ಗಂಡ ಹೆಂಡತಿ ಹೊಟ್ಟೆ ತುಂಬಾ ಬೈಸಿಕೊಂಡು, ಜನ್ಮ ಸಾರ್ಥಕವಾದವರ ಹಾಗೆ ಮನೆ ತುಂಬ ಓಡಾಡಿದರು.

ಭಾನುವಾರ ಭಾವ ಬಂದರು. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ತಾಯಿಯ ಕೈ ಹಿಡಿದುಕೊಂಡರು. "ಅಮ್ಮಾ, ನನ್ನ ಜೊತೆ ಬರ್ತೀಯಾ? ಅಲ್ಲಿ ಚೆನ್ನಾಗಿ ನೋಡ್ಕೋತಾರೆ."

ಅತ್ತೆ ಕೈ ಬಿಡಿಸಿಕೊಂಡರು. ಬೆರಳು ನಡುಗುತ್ತಾ ಪರದೆಯ ಮೇಲೆ ಬಂದು, 'ಬರ್ತೀನಿ' ಬಟನ್ನಿನ ಮೇಲೆಯೇ ನಿಂತಿತು. ಬಾಗಿಲಲ್ಲಿ ನಿಂತಿದ್ದ ಬ್ರೇಕ್ ಮೇಡಂ ಕಾಲಿನಿಂದ ನೆಲವನ್ನು ಒತ್ತಿದಳು. ಅಲ್ಲಿ ಬ್ರೇಕ್ ಇರಲಿಲ್ಲ. ಬೆರಳು ಮುಂದೆ ಸರಿಯಿತು.

"ನೀರು ತುಂಬಿಸಿಡೋಕೂ ನಾನೇ ಹೇಳ್ಬೇಕಾ?"

ಭಾವ ತಡಬಡಾಯಿಸಿ ಎದ್ದರು. ಅರ್ಧ ತಲೆ ನರೆತ ಮನುಷ್ಯ, ಶಾಲೆಯ ಹುಡುಗನ ಹಾಗೆ ಒಳಗೆ ಓಡಿ ನೀರು ತಂದು ಅಮ್ಮನ ಬಾಯಿಗೆ ಹಿಡಿದರು. ಆಗಲೇ ಅವರಿಗೆ ತಾವು ಕೇಳಿದ್ದು ಯಾರ ದನಿಯೆಂದು ಪೂರ್ತಿ ಹೊಳೆದದ್ದು. "ಅಮ್ಮಾ?" ಎಂದರು.

ಅತ್ತೆ ಎರಡು ಗುಟುಕು ಕುಡಿದರು, ಸಾವಕಾಶವಾಗಿ ಬೆರಳೆತ್ತಿದರು.

"ನಾನೆಲ್ಲಿಗೂ ಬರಲ್ಲ, ಸುಮ್ನೆ ತಲೆ ತಿನ್ಬೇಡ."

ಭಾವ ಲೋಟ ಹಿಡಿದುಕೊಂಡೇ ಕುರ್ಚಿಗೆ ಕುಸಿದರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. "ಆಯ್ತಮ್ಮ," ಎಂದರು. "ಆಯ್ತು, ತಿನ್ನಲ್ಲ. ಇನ್ನೊಂದು ಸಲ ಬೈಯಿ."

ಅವಳು ಸೀದಾ ಅಡುಗೆಮನೆಗೆ ಓಡಿದಳು. ಲ್ಯಾಪ್‌ಟಾಪಿನ ಮುಚ್ಚಳ ಸವರಿ "ನೀನು ಪಾಸಾದೆ ಮರಿ" ಎಂದಳು. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಹಾಗೆ ನಡುಮನೆಯಿಂದ ಅತ್ತೆಯ ದನಿ ಕೇಳಿತು. ಅವಳ ಫೋಟೊ ಇದ್ದ ಬಟನ್.

"ಎಲ್ಲಿ ಹಾಳಾಗ್ಹೋದೆ? ನೀನು ಬರೋ ತನಕ ನಾನು ಊಟಕ್ಕೆ ಕೂರಲ್ಲ."

"ಬಂದೆ ಅತ್ತೆ!" ಎಂದು ಕೂಗಿ, ಅವಳು ತಟ್ಟೆಗಳನ್ನು ಎತ್ತಿಕೊಂಡಳು.